ಹೊರದಾರಿ ಮುಚ್ಚಿದ ಪಿಚಕಾರಿ: ಒಂದು ಪ್ರಕರಣ ಅಧ್ಯಯನ

ನನ್ನ ಮೇಜಿನ ಮೇಲೆ ಒಂದು ವಾರ ಕೂತಿದ್ದ ವಸ್ತುವನ್ನು ಮೊದಲು ವರ್ಣಿಸಿಬಿಡುತ್ತೇನೆ. ಹಳೆಯ ಬಸ್ಸುಗಳ ಹಾರನ್ನಿಗೆ ಇರುತ್ತಿತ್ತಲ್ಲ, ಹೆಚ್ಚುಕಡಿಮೆ ಅಂಥದ್ದೇ ಒಂದು ರಬ್ಬರ್ ಬುರುಡೆ. ಒಂದು ಕಾಲದಲ್ಲಿ ಮೆತ್ತಗೆ ಇದ್ದಿರಬೇಕು. ಈಗ ಒಣಗಿದ ಸೋರೆಬುರುಡೆಯಷ್ಟು ಗಡುಸು, ಹಿಚುಕಲು ಹೋದರೆ ಬಿರಿಯುತ್ತದೆ. ಅದರ ಕತ್ತಿಗೆ ಸಿಕ್ಕಿಸಿದ, ಗೇಣಿಗಿಂತ ಕೊಂಚ ಗಿಡ್ಡದಾದ ಎಬೊನೈಟ್ ಕೊಳವೆ. ಗಂಧಕವನ್ನು ಧಾರಾಳವಾಗಿ ಬೆರೆಸಿ ಗಟ್ಟಿಮಾಡಿದ ರಬ್ಬರಿಗೆ ಎಬೊನೈಟ್ ಎನ್ನುತ್ತಾರೆ. ಹಳೆಯ ಫೌಂಟನ್ ಪೆನ್ನುಗಳ ಮೈ ಅದರದ್ದೇ. ಹೊಸದರಲ್ಲಿ ಕಪ್ಪಗೆ ಹೊಳೆಯುತ್ತದೆ. ಬೆಳಕು ಬಿದ್ದು ಬಿದ್ದು ಇದು ಪಾಚಿ ಬೆರೆತ ಕಂದು ಬಣ್ಣಕ್ಕೆ ತಿರುಗಿತ್ತು. ಅಂಗೈಯಲ್ಲಿ ಉಜ್ಜಿದರೆ ಗಂಧಕದ ವಾಸನೆ. ಕೊಳವೆಯ ತುದಿಯ ಸುತ್ತ ಓರೆಯಾಗಿ ಕೊರೆದ ತೂತುಗಳು; ಬುಡದ ಕಡೆಗೆ ಅಣಬೆಯ ಕೊಡೆಯಂತೆ ಅಗಲವಾದ ಒಂದು ಬಳೆ.

ಕೊಟ್ಟವರು ಹಳೆಯ ವೈದ್ಯಕೀಯ ಸಾಮಾನುಗಳನ್ನು ಕೂಡಿಡುವ ಒಬ್ಬ ಪರಿಚಯಸ್ಥರು. ವೈದ್ಯಕೀಯ ಉಪಕರಣಗಳ ವಿನ್ಯಾಸವನ್ನು ಪಾಠ ಮಾಡುವುದು ನನ್ನ ಕಸುಬಾದ್ದರಿಂದ ಆಗಾಗ ಏನಾದರೊಂದನ್ನು ನನಗೆ ಎರವಲು ಕೊಡುತ್ತಾರೆ. ಡಬ್ಬಿಯ ಮೇಲೆ ಅವರ ಕೈಬರಹದ ಚೀಟಿ ಇತ್ತು: 'ಎನಿಮಾ ಸಾಧನ, ಅಮೆರಿಕ'. ಅಮೆರಿಕ ಎಂಬುದು ಸರಿ. ಎನಿಮಾ ಅಲ್ಲ. ಅದು ಯೋನಿಯನ್ನು ಒಳಗಿನಿಂದ ತೊಳೆಯಲು ಮಾಡಿದ ಸಿರಿಂಜ್. ಇಂಗ್ಲಿಷಿನ ಸಭ್ಯ ಮಾತಿನಲ್ಲಿ ಅದಕ್ಕೆ 'ಮಹಿಳೆಯರ ಸಿರಿಂಜ್' ಎಂಬ ಹೆಸರಿತ್ತು.

ಇದನ್ನು ಮಾಡಿ ಮಾರಿದ್ದು ಇಪ್ಪತ್ತನೆಯ ಶತಮಾನದ ಆರಂಭದ ನ್ಯೂಯಾರ್ಕಿನ ಒಂದು ಸಂಸ್ಥೆ. ಅದರ ಹೆಸರನ್ನೂ ಪೇಟೆಂಟ್ ಪಡೆದವರ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ. ಅದೇ ಬಗೆಯ ಸರಕನ್ನು ಅದೇ ಬಗೆಯ ಮಾತಿನಲ್ಲಿ ಮಾರುತ್ತಿದ್ದವರು ಆಗ ಅನೇಕರಿದ್ದರು; ಒಬ್ಬರ ಹೆಸರು ಹೇಳಿದರೆ ತಪ್ಪೆಲ್ಲ ಅವರ ತಲೆಗೆ ಸುತ್ತಿಕೊಳ್ಳುತ್ತದೆ. ಇಲ್ಲಿ ಅವರು ಬರೀ 'ಕಂಪನಿ'.

ಹಿನ್ನೆಲೆ

ಈ ಕಥೆ ಕಂಪನಿಗಿಂತ ಸುಮಾರು 70 ವರ್ಷ ಹಳೆಯದು. 1832ರಲ್ಲಿ ಮ್ಯಾಸಚೂಸೆಟ್ಸ್‌ನ ವೈದ್ಯ ಚಾರ್ಲ್ಸ್ ನೋಲ್ಟನ್ ಗಂಡಹೆಂಡಿರಿಗಾಗಿ ಒಂದು ಚಿಕ್ಕ ಪುಸ್ತಕ ಬರೆದ. ಕೂಡಿದ ತಕ್ಷಣ ಪಟಿಕ, ಸತುವಿನ ಸಲ್ಫೇಟ್ ಇಲ್ಲವೇ ವಿನಿಗರ್ ಬೆರೆಸಿದ ನೀರನ್ನು ಪಿಚಕಾರಿಯಿಂದ ಒಳಗೆ ಹಾಯಿಸಿ ತೊಳೆದುಕೊಂಡರೆ ಬಸಿರು ನಿಲ್ಲುವುದಿಲ್ಲ ಎಂಬುದು ಅವನ ಸಲಹೆ. ಸಲಹೆ ದುರ್ಬಲವಾಗಿತ್ತು, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಅವನು ಸುತ್ತಿ ಬಳಸಿ ಮಾತಾಡಲಿಲ್ಲ. ಬಸಿರು ತಡೆಯಲು ಎಂದು ನೇರವಾಗಿ ಬರೆದ. ಅದಕ್ಕೆ ಕೇಂಬ್ರಿಜ್‌ನ ನ್ಯಾಯಾಲಯ ಮೂರು ತಿಂಗಳ ಕಠಿಣ ಸಜೆ ಕೊಟ್ಟಿತು.

ಆಗಿನ ಪಿಚಕಾರಿಗಳು ತವರದ ಮಿಶ್ರಲೋಹದವು ಅಥವಾ ಗಾಜಿನವು. ನಮ್ಮ ಹೋಳಿಯ ಪಿಚಕಾರಿಯಂತೆ ದಂಟನ್ನು ಎಳೆದು ನೂಕುವಂಥವು. 1844ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದಿಂದ ಹದಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಬೇಸಿಗೆಯಲ್ಲಿ ಅಂಟಾಗಿ ಚಳಿಗಾಲದಲ್ಲಿ ಸೀಳುತ್ತಿದ್ದ ರಬ್ಬರ್ ಅಲ್ಲಿಂದಾಚೆಗೆ ನಂಬಿಕೆಗೆ ಅರ್ಹವಾಯಿತು. ಕೊಳವೆ, ಚೀಲ, ಬುರುಡೆಗಳೆಲ್ಲ ಅಗ್ಗವಾಗಿ ಸಿಗತೊಡಗಿದವು. ಲಿವರ್‌ಪೂಲಿನ ಶಸ್ತ್ರವೈದ್ಯ ಆಲ್‌ಫ್ರೆಡ್ ಹಿಗ್ಗಿನ್‌ಸನ್ ಕೊಳವೆಯ ನಡುವೆ ಒಂದು ಬುರುಡೆಯನ್ನಿಟ್ಟು, ಎರಡೂ ಕಡೆ ಏಕಮುಖ ಕವಾಟ ಕೂರಿಸಿದ. ಒಂದು ತುದಿ ಬೋಗುಣಿಯ ನೀರಿನಲ್ಲಿ, ಇನ್ನೊಂದು ತುದಿ ದೇಹದಲ್ಲಿ. ಹಿಚುಕುತ್ತ ಹೋದರೆ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ಎನಿಮಾ ಕೊಡಲು ಆಸ್ಪತ್ರೆಗಳು ಇದನ್ನು ಬಹುಕಾಲ ಬಳಸಿದವು. ಇದರ ಜೊತೆಗೆ 'ಫೌಂಟನ್ ಸಿರಿಂಜ್' ಬಂತು: ಗೋಡೆಯ ಮೊಳೆಗೆ ನೇತುಹಾಕುವ ರಬ್ಬರ್ ಚೀಲ, ಅದರಿಂದ ಇಳಿಬಿಟ್ಟ ಕೊಳವೆ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಬಾಟಲಿ ನೋಡಿದವರಿಗೆ ವಿವರಿಸಬೇಕಾಗಿಲ್ಲ.

1873ರ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತು ಕಾಮ್‌ಸ್ಟಾಕ್ ಕಾಯ್ದೆಯನ್ನು ಅಂಗೀಕರಿಸಿತು. ಗರ್ಭನಿರೋಧಕ ಸಾಧನವನ್ನಷ್ಟೇ ಅಲ್ಲ, ಅದರ ಕುರಿತ ಮಾಹಿತಿಯನ್ನೂ ಅಂಚೆಯಲ್ಲಿ ಕಳಿಸುವುದು ಅಪರಾಧವಾಯಿತು. ಆದರೆ ಪಿಚಕಾರಿಯನ್ನು ನಿಷೇಧಿಸುವುದು ಹೇಗೆ? ಅದೇ ವಸ್ತು ಹೆರಿಗೆಯ ಕೋಣೆಯಲ್ಲಿ ಬೇಕು, ಮಲಬದ್ಧತೆಗೆ ಬೇಕು. ಮೇಲಾಗಿ ನ್ಯೂಯಾರ್ಕಿನ ಹೆಸರಾಂತ ಸ್ತ್ರೀರೋಗ ವೈದ್ಯ ಥಾಮಸ್ ಆಡಿಸ್ ಎಮೆಟ್‌ನಂಥವರು ಕಿಬ್ಬೊಟ್ಟೆಯ ಉರಿಯೂತಕ್ಕೆ ಬಿಸಿನೀರು ಹಾಯಿಸುವುದನ್ನು ಚಿಕಿತ್ಸೆಯಾಗಿಯೇ ಹೇಳುತ್ತಿದ್ದರು. ಹೀಗೆ ಸರಕು ಉಳಿಯಿತು, ಹೆಸರು ಬದಲಾಯಿತು. 'ಸ್ವಚ್ಛತೆ', 'ಆರೋಗ್ಯ', 'ಮಹಿಳೆಯರಿಗೆ ಅತ್ಯಗತ್ಯ' ಎಂಬ ಮಾತುಗಳು ಜಾಹೀರಾತುಗಳನ್ನು ತುಂಬಿದವು. ಕೊಳ್ಳುವವಳಿಗೂ ಗೊತ್ತು, ಮಾರುವವನಿಗೂ ಗೊತ್ತು, ಅಂಚೆಯವನಿಗೂ ಗೊತ್ತಿದ್ದಿರಬಹುದು.

ಕಂಪನಿ ಕಣಕ್ಕಿಳಿದದ್ದು ಇಂಥ ಸನ್ನಿವೇಶದಲ್ಲಿ.

ಕಂಪನಿಯ ಮುಂದಿದ್ದ ಸಮಸ್ಯೆ

ವಿನ್ಯಾಸದ ಪಾಠದಲ್ಲಿ ನಾನು ಮೊದಲು ಕೇಳುವುದು, 'ಸಮಸ್ಯೆಯನ್ನು ಹೇಳಿಕೊಟ್ಟವರು ಯಾರು?' ಎಂದು. ಇಲ್ಲಿ ಹೇಳಿಕೊಟ್ಟದ್ದು ಫೌಂಟನ್ ಸಿರಿಂಜಿನ ಕಿರಿಕಿರಿಗಳು. 1900ರ ಸುಮಾರಿಗೆ ಬಹುಪಾಲು ಅಮೆರಿಕನ್ ಮನೆಗಳಲ್ಲಿ ನಲ್ಲಿ ನೀರಿನ ಸ್ನಾನದ ತೊಟ್ಟಿ ಇರಲಿಲ್ಲ. ಚೀಲ ನೇತುಹಾಕಲು ಮೊಳೆ ಬೇಕು. ಬಾಡಿಗೆ ಕೋಣೆಯ ಗೋಡೆಯಲ್ಲಿ ಮೊಳೆ ಕಂಡರೆ ನೂರು ಪ್ರಶ್ನೆ. ಕೊಳವೆಯಿಂದ ಒಳಹೋದ ನೀರು ಅಷ್ಟೇ ಸಲೀಸಾಗಿ ಹೊರಗೆ ಸುರಿಯುತ್ತದೆ; ಅದನ್ನು ಹಿಡಿಯಲು ಬೋಗುಣಿ, ಒರೆಸಲು ಬಟ್ಟೆ, ಚೆಲ್ಲಲು ಒಂದು ಜಾಗ. ಪಕ್ಕದ ಕೋಣೆಯಲ್ಲಿ ಅತ್ತೆ, ಮಕ್ಕಳು. ಸದ್ದಿಲ್ಲದೆ, ಬೇಗ, ಕತ್ತಲಲ್ಲಿ ಆಗಬೇಕಾದ ಕೆಲಸವಿದು.

ಇನ್ನೊಂದು ತಾಂತ್ರಿಕ ತೊಡಕು. ಯೋನಿಯ ಒಳಗೋಡೆ ನೆರಿಗೆ ನೆರಿಗೆಯಾಗಿರುತ್ತದೆ. ನೇರವಾಗಿ ನುಗ್ಗುವ ಧಾರೆ ನೆರಿಗೆಗಳ ನಡುವೆ ಇಳಿಯದೆ, ಎದುರಿಗಿರುವ ಗರ್ಭಕಂಠಕ್ಕೆ ಬಡಿದು ಹಿಂದಿರುಗುತ್ತದೆ. ಹಾಗಾಗಿ ಗ್ರಾಹಕರ ದೂರು ಎರಡು: ಚೆನ್ನಾಗಿ ತೊಳೆಯುವುದಿಲ್ಲ, ಮತ್ತು ನೆಲವೆಲ್ಲ ಒದ್ದೆ.

ಈ ಎರಡು ದೂರುಗಳಿಗೆ ಕಂಪನಿ ಕೊಟ್ಟ ಉತ್ತರವನ್ನು ಕಾಗದದ ಮೇಲೆ ನೋಡಿದಾಗ ನನಗೆ ಮೆಚ್ಚುಗೆಯೇ ಆಯಿತು. ಅದನ್ನು ಮುಚ್ಚಿಡುವುದಿಲ್ಲ.

ಕೈಗೊಂಡ ನಾಲ್ಕು ನಿರ್ಧಾರಗಳು

ಮೊದಲನೆಯದು, ಚೀಲ, ಮೊಳೆ, ಉದ್ದ ಕೊಳವೆ ಮೂರನ್ನೂ ಕಿತ್ತುಹಾಕಿ ಎಲ್ಲವನ್ನೂ ಒಂದೇ ಬುರುಡೆಯಲ್ಲಿ ತುಂಬಿದ್ದು. ಕವಾಟಗಳಿಲ್ಲ. ಬುರುಡೆಯೇ ಪಾತ್ರೆ, ಬುರುಡೆಯೇ ಪಂಪು. ಒಂದು ಕೈ ಸಾಕು. ಸೀರೆಪೆಟ್ಟಿಗೆಯ ಮೂಲೆಯಲ್ಲಿ ಅಡಗಿಸಿಡಬಹುದಾದಷ್ಟು ಚಿಕ್ಕದು, ಅವರ ಮಟ್ಟಿಗೆ ಮೇಜಿನ ಖಾನೆಯಲ್ಲಿ.

ಎರಡನೆಯದು ತುದಿಯ ಓರೆ ತೂತುಗಳು. ನೀರು ನೇರವಾಗಿ ನುಗ್ಗದೆ ಸುಳಿಸುತ್ತುತ್ತ ಪಕ್ಕಕ್ಕೆ ಚಿಮ್ಮಿ ಗೋಡೆಯ ನೆರಿಗೆಗಳನ್ನು ಬಿಡಿಸಬೇಕು ಎಂಬ ಆಲೋಚನೆ. ಮಾರಾಟದ ಹೆಸರು ಕೂಡ ಈ ಸುಳಿಯ ಮೇಲೆಯೇ ನಿಂತಿತ್ತು.

ಮೂರನೆಯದು ಆ ಅಣಬೆಯಾಕಾರದ ಬಳೆ. ಕೊಳವೆ ಒಳಗೆ ಹೋದಾಗ ಬಳೆ ದ್ವಾರಕ್ಕೆ ಒತ್ತಿ ಕೂರುತ್ತದೆ, ನೀರು ಸೋರುವುದಿಲ್ಲ. ತೊಟ್ಟಿಯೂ ಬೇಡ, ಬೋಗುಣಿಯೂ ಬೇಡ.

ನಾಲ್ಕನೆಯದು ಮೂರನೆಯದರಿಂದ ಹುಟ್ಟಿದ್ದು. ಒಳಹೋದ ನೀರು ಹೊರಗೆ ಬರಲೇಬೇಕಲ್ಲ? ಹಿಚುಕಿದ ಬುರುಡೆಯನ್ನು ಬಿಟ್ಟಾಗ ಅದು ಉಬ್ಬಿ ನೀರನ್ನು ತಾನೇ ಹಿಂದಕ್ಕೆ ಹೀರಿಕೊಳ್ಳುತ್ತದೆ. ಒಂದು ಹನಿ ನೆಲಕ್ಕೆ ಬೀಳದೆ ಕೊಳೆಯೆಲ್ಲ ಬುರುಡೆಯೊಳಕ್ಕೆ. ಜಾಹೀರಾತಿನಲ್ಲಿ ಹಾಯಿಸುವಿಕೆಯನ್ನೂ ಹೀರುವಿಕೆಯನ್ನೂ ಜೋಡಿಯಾಗಿ ಎತ್ತಿ ಹೇಳಿದರು. ಅತ್ಯುತ್ತಮ, ಅತಿ ಸುರಕ್ಷಿತ, ಅತಿ ಅನುಕೂಲ ಎಂದರು.

ಈ ನಾಲ್ಕರಲ್ಲಿ ಯಾವುದು ತಿರುವು ಎಂದು ತರಗತಿಯಲ್ಲಿ ಕೇಳಿದರೆ ಮಕ್ಕಳು ಸಾಮಾನ್ಯವಾಗಿ ಸುಳಿಯನ್ನು ತೋರಿಸುತ್ತಾರೆ. ಕಣ್ಣಿಗೆ ಕಾಣುವ ಚಮತ್ಕಾರ ಅದೇ. ನನ್ನ ಪ್ರಕಾರ ತಿರುವು ಬಳೆಯಲ್ಲಿದೆ.

ಬಾಗಿಲ ಚೌಕಟ್ಟಿನ ಪ್ರಯೋಗ

ಫೌಂಟನ್ ಸಿರಿಂಜಿನ ಚೀಲವನ್ನು ಸೊಂಟಕ್ಕಿಂತ ಎರಡಡಿ ಮೇಲೆ ತೂಗುಹಾಕಿದಿರಿ ಎನ್ನಿ. ನೀರಿನ ಒತ್ತಡ ಎರಡಡಿ ನೀರಿನ ಕಂಬದಷ್ಟು. ನೀವು ಅವಸರಪಟ್ಟರೂ, ಸಿಟ್ಟಾದರೂ, ಹೆದರಿದರೂ ಅಷ್ಟೇ. ಭೂಮಿಯ ಸೆಳೆತಕ್ಕೆ ನಿಮ್ಮ ಅವಸರ ತಿಳಿಯದು. ಒತ್ತಡದ ಮಿತಿಯನ್ನು ಮೊಳೆಯೇ ಕಾಯುತ್ತದೆ. ಬುರುಡೆಗೆ ಅಂಥ ಕಾವಲುಗಾರನಿಲ್ಲ. ಎಷ್ಟು ಜೋರಾಗಿ ಹಿಚುಕುತ್ತೀರೋ ಅಷ್ಟು ಒತ್ತಡ.

ಹಳೆಯ ಬುರುಡೆಯನ್ನು ಹಿಚುಕುವಂತಿರಲಿಲ್ಲ. ಹಾಗಾಗಿ ಔಷಧ ಅಂಗಡಿಯಿಂದ ಕಿವಿ ತೊಳೆಯುವ ರಬ್ಬರ್ ಬುರುಡೆಯೊಂದನ್ನು ತಂದೆ. ಅಕ್ವೇರಿಯಮ್ಮಿಗೆ ಬಳಸುವ ಸಣ್ಣ ಪಾರದರ್ಶಕ ಕೊಳವೆಯನ್ನು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಕೆಳಗಿನಿಂದ ಮೇಲಿನವರೆಗೂ ಅಂಟಿಸಿ, ಬುಡಕ್ಕೆ ಬುರುಡೆ ಸಿಕ್ಕಿಸಿ, ಬಣ್ಣದ ನೀರು ತುಂಬಿ ಹಿಚುಕಿದೆ. ಜೋರಾಗಿ ಅಲ್ಲ, ನಿಂಬೆಹಣ್ಣು ಹಿಂಡುವಷ್ಟು. ನೀರು ಏಳಡಿ ಏರಿ, ಮೇಲಿನ ಬಾಯಿಂದ ಚಿಮ್ಮಿ ಗೋಡೆಗೆ ಬಿತ್ತು. ಅದರ ಕೆಂಪು ಕಲೆ ಇನ್ನೂ ಹೋಗಿಲ್ಲ. ಮನೆಯಲ್ಲಿ ಕೇಳುವ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಮಿತಿಯಿಲ್ಲದ ಆ ಒತ್ತಡಕ್ಕೆ ಹೊರದಾರಿ ಇದ್ದರೆ ಅಪಾಯ ಅಷ್ಟಿಲ್ಲ. ನೀರು ಸೋರಿ ಒತ್ತಡ ಇಳಿಯುತ್ತದೆ. ಬಳೆ ಆ ಹೊರದಾರಿಯನ್ನೇ ಮುಚ್ಚಿತು. ಆಗ ನೀರಿಗೆ ಉಳಿಯುವುದು ಒಂದೇ ಹಾದಿ: ಗರ್ಭಕಂಠ, ಅಲ್ಲಿಂದ ಗರ್ಭಕೋಶ, ಅಲ್ಲಿಂದ ಗರ್ಭನಾಳಗಳು. ಗರ್ಭನಾಳದ ಇನ್ನೊಂದು ತುದಿ ಕಿಬ್ಬೊಟ್ಟೆಯೊಳಕ್ಕೆ ತೆರೆದುಕೊಂಡಿರುತ್ತದೆ. ಯೋನಿಯಲ್ಲಿರುವ ರೋಗಾಣುಗಳನ್ನು ಹೊತ್ತು ನೀರು ಅಲ್ಲಿಗೂ ತಲುಪಬಹುದು. ಬುರುಡೆ ಪೂರ್ತಿ ತುಂಬಿರದಿದ್ದರೆ ನೀರಿನ ಹಿಂದೆ ಗಾಳಿ ಹೋಗುತ್ತದೆ. ಬಸಿರಿನಲ್ಲಿ ಗರ್ಭಕೋಶದ ರಕ್ತನಾಳಗಳು ಹಿಗ್ಗಿರುವಾಗ ಹೀಗೆ ನುಗ್ಗಿದ ಗಾಳಿ ರಕ್ತಕ್ಕೆ ಸೇರಿ, ಹೃದಯಕ್ಕೆ ತಲುಪಿ ನಿಮಿಷಗಳಲ್ಲಿ ಪ್ರಾಣ ತೆಗೆದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಕಾರಣವಾದದ್ದು ಬಹುತೇಕ ಬುರುಡೆಯ ಸಿರಿಂಜ್.

ಇಲ್ಲಿ ಚರಕ ಸಂಹಿತೆಯ ಒಂದು ಸಂಗತಿ ನೆನಪಾಗುತ್ತದೆ. 'ನಮ್ಮವರಿಗೆ ಎಲ್ಲವೂ ಗೊತ್ತಿತ್ತು' ಎಂಬ ಹಾಡನ್ನು ಹಾಡಲು ಹೊರಟಿಲ್ಲ. ಹೋಲಿಕೆ ವಿನ್ಯಾಸದ ದೃಷ್ಟಿಯಿಂದ ಉಪಯುಕ್ತ, ಅಷ್ಟೇ. ಬಸ್ತಿಚಿಕಿತ್ಸೆಗೆ, ಅಂದರೆ ಆಯುರ್ವೇದದ ಎನಿಮಾಕ್ಕೆ, ಪ್ರಾಣಿಯ ಮೂತ್ರಕೋಶವನ್ನು ಹದಮಾಡಿ ಚೀಲವಾಗಿ ಬಳಸುತ್ತಿದ್ದರು. ಬಸ್ತಿ ಎಂಬ ಹೆಸರೇ ಅದರಿಂದ ಬಂದದ್ದು. ಅದಕ್ಕೆ ಕಟ್ಟುವ ಕೊಳವೆಗೆ 'ನೇತ್ರ' ಎಂದು ಹೆಸರು, ನೇತ್ರದ ಮೇಲೆ 'ಕರ್ಣಿಕೆ' ಎಂಬ ಬಳೆ. ಬಳೆ ಇಲ್ಲೂ ಇದೆ, ಆದರೆ ಅದರ ಕೆಲಸ ಕೊಳವೆ ತೀರ ಒಳಗೆ ಹೋಗದಂತೆ ತಡೆಯುವುದು. ಇನ್ನೊಂದು ಮಾತು ಅದೇ ಗ್ರಂಥದ ಸಿದ್ಧಿಸ್ಥಾನವೆಂಬ ಭಾಗದಲ್ಲಿ ಬರುತ್ತದೆ: ಚೀಲದಲ್ಲಿ ಕೊಂಚ ದ್ರವವನ್ನು ಉಳಿಸಿಯೇ ನಿಲ್ಲಿಸಬೇಕು, ಏಕೆಂದರೆ ಉಳಿದ ಭಾಗದಲ್ಲಿ ವಾಯು ಇರುತ್ತದೆ. ಹಿಚುಕುವ ಚೀಲವನ್ನು ಬಳಸಿ ಬಳಸಿ ಪಳಗಿದ ಕೈಗೆ ಅದರ ಕೊನೆಯ ಹಿಚುಕು ಅಪಾಯದ್ದು ಎಂದು ತಿಳಿದಿತ್ತು. ಕೊಡುವವನು ವೈದ್ಯ, ಹತ್ತು ಜನರ ಮೇಲೆ ಮಾಡಿ ನೋಡಿದವನು, ತನ್ನಂಥ ವೈದ್ಯರೊಡನೆ ಮಾತಾಡಬಲ್ಲವನು. ನ್ಯೂಯಾರ್ಕಿನ ಹೆಂಗಸು ಕತ್ತಲಲ್ಲಿ ಒಬ್ಬಳೇ.

ಹೀರುವಿಕೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಮ್ಮೆ ಹಿಚುಕಿ ಬಿಟ್ಟ ಮೇಲೆ ಬುರುಡೆಯಲ್ಲಿರುವುದು ಕೊಳೆನೀರು. ಎರಡನೆಯ ಸಲ ಹಿಚುಕಿದರೆ ಅದೇ ಒಳಗೆ. ಒಂದೇ ಬಾಯಿ ಇರುವ ಬುರುಡೆಯ ಒಳಗೋಡೆಯನ್ನು ಉಜ್ಜಿ ತೊಳೆಯಲಾಗದು, ಪೂರ್ತಿ ಒಣಗಿಸಲಾಗದು. ಪದೇ ಪದೇ ಕುದಿಸಿದರೆ ಆ ಕಾಲದ ರಬ್ಬರ್ ಬೇಗ ಕೆಡುತ್ತದೆ. ಉಗುರಿನಲ್ಲಿ ಕೆರೆದು ನೋಡಿದಾಗ ನನ್ನ ಮೇಜಿನ ಮೇಲಿದ್ದ ಬುರುಡೆಯ ಬಾಯಲ್ಲಿ ಬಿಳಿ ಹೊರೆ ಕಟ್ಟಿತ್ತು. ಏನೆಂದು ಪರೀಕ್ಷೆ ಮಾಡಿಸಲಿಲ್ಲ.

ಆದದ್ದೇನು

ಸರಕು ಖರ್ಚಾಯಿತು. ಪತ್ರಿಕೆಗಳಲ್ಲಿ ವರ್ಷಾನುಗಟ್ಟಲೆ ಜಾಹೀರಾತು ಬಂತು. ಅದರ ಕ್ರಮ ಗಮನಿಸಬೇಕಾದದ್ದು: ಔಷಧ ಅಂಗಡಿಯಲ್ಲಿ ಕೇಳಿ, ಅವರಲ್ಲಿ ಇಲ್ಲದಿದ್ದರೆ ಬೇರೆಯದನ್ನು ಒಪ್ಪಬೇಡಿ, ಒಂದು ಅಂಚೆಚೀಟಿ ಕಳಿಸಿದರೆ ಚಿತ್ರಸಹಿತ ಪುಸ್ತಿಕೆಯನ್ನು ಮೊಹರು ಮಾಡಿ ಕಳಿಸುತ್ತೇವೆ. ಆ 'ಮೊಹರು' ಎಂಬ ಒಂದು ಪದದಲ್ಲಿ ಕಾಯ್ದೆಯ ನೆರಳೂ ಕೊಳ್ಳುವವಳ ಅಂಜಿಕೆಯೂ ಕೂತಿವೆ.

ಬಸಿರು ನಿಂತಿತೇ? ವೀರ್ಯ ಬಿದ್ದ ಕೆಲವೇ ನಿಮಿಷಗಳಲ್ಲಿ ಸಾಕಷ್ಟು ವೀರ್ಯಾಣುಗಳು ಗರ್ಭಕಂಠದ ಲೋಳೆಯನ್ನು ಹೊಕ್ಕಿರುತ್ತವೆ. ಎಷ್ಟು ಸುಳಿ ಸುತ್ತಿದರೂ ನೀರು ಅವನ್ನು ಹಿಂದಕ್ಕೆ ಕರೆಯದು. ಬಳೆ ಹೊರದಾರಿ ಮುಚ್ಚಿ ಒತ್ತಡ ಏರಿದರಂತೂ ಉಳಿದವನ್ನು ಮುಂದಕ್ಕೆ ನೂಕಿಕೊಟ್ಟಂತೆಯೂ ಆಗಬಹುದು. ನೋಲ್ಟನ್ನನ ಸಲಹೆ ದುರ್ಬಲ ಎಂದದ್ದು ಇದಕ್ಕೇ. ವಿಫಲವಾದಾಗ ಹೆಂಗಸರು ಮಾಡಿದ್ದು ಸಹಜವಾದದ್ದನ್ನೇ: ನೀರಿನಿಂದ ಆಗದಿದ್ದರೆ ಇನ್ನೂ ಖಾರವಾದದ್ದನ್ನು ತುಂಬಿದರು. 1889ರಲ್ಲಿ ಜರ್ಮನಿಯಲ್ಲಿ ಕಾಲರಾ ತಡೆಗೆಂದು ತಯಾರಾದ ಲೈಸಾಲ್ ದ್ರಾವಣ ಅಮೆರಿಕದಲ್ಲಿ ಇದೇ 'ಸ್ತ್ರೀ ಸ್ವಚ್ಛತೆ'ಯ ಹೆಸರಿನಲ್ಲಿ ಮನೆಮನೆ ಸೇರಿತು. ಆಗಿನ ಲೈಸಾಲ್‌ನಲ್ಲಿ ಕ್ರೆಸಾಲ್ ಇತ್ತು. ಚರ್ಮವನ್ನೇ ಸುಡುವ ವಸ್ತು. 1911ರ ಹೊತ್ತಿಗೆ ವೈದ್ಯರು 193 ಲೈಸಾಲ್ ವಿಷಬಾಧೆಗಳನ್ನೂ ಗರ್ಭಕೋಶ ತೊಳೆದುಕೊಂಡದ್ದರಿಂದ ಆದ 5 ಸಾವುಗಳನ್ನೂ ದಾಖಲಿಸಿದ್ದರು. 1933ರಲ್ಲಿ ನ್ಯೂಜರ್ಸಿಯ ನ್ಯೂಅರ್ಕ್ ನಗರದ ಒಂದು ಚಿಕಿತ್ಸಾಲಯದವರು ಅದನ್ನು ಬಳಸಿದ 507 ಹೆಂಗಸರ ಲೆಕ್ಕ ಹಿಡಿದಾಗ ಹತ್ತಿರಹತ್ತಿರ ಅರ್ಧದಷ್ಟು ಜನ ಬಸಿರಾಗಿದ್ದರು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ತಾರೀಖು. 1892ರಲ್ಲಿ ಜರ್ಮನಿಯ ವೈದ್ಯ ಆಲ್ಬರ್ಟ್ ಡೋಡರ್‌ಲೈನ್, ಆರೋಗ್ಯವಂತ ಯೋನಿಯಲ್ಲಿ ವಾಸಿಸುವ ಒಂದು ಬಗೆಯ ಬ್ಯಾಕ್ಟೀರಿಯಾವನ್ನು ವಿವರಿಸಿ ಪ್ರಕಟಿಸಿದ. ಇಂದು ಅವನ್ನು ಲ್ಯಾಕ್ಟೋಬ್ಯಾಸಿಲಸ್ ಎನ್ನುತ್ತೇವೆ, ಹಾಲನ್ನು ಹೆಪ್ಪುಗಟ್ಟಿಸಿ ಮೊಸರು ಮಾಡುವವುಗಳ ಬಳಗದವು. ಇವು ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸಿ ಒಳಗನ್ನು ಹುಳಿಯಾಗಿ, ಸುಮಾರು 3.8ರಿಂದ 4.5ರ ಪಿಎಚ್‌ನಲ್ಲಿ ಇರಿಸುತ್ತವೆ. ಆ ಹುಳಿಯಲ್ಲಿ ಬೇರೆ ರೋಗಾಣುಗಳು ನೆಲೆ ನಿಲ್ಲುವುದು ಕಷ್ಟ. ಯೋನಿ ತನ್ನನ್ನು ತಾನೇ ಶುಚಿಯಾಗಿ ಇಟ್ಟುಕೊಳ್ಳುತ್ತದೆ. ಒಳಗನ್ನು ತೊಳೆದಷ್ಟೂ ಆ ಕಾವಲುಪಡೆಯನ್ನೇ ತೊಳೆದುಹಾಕಿದಂತೆ. ಸ್ವಚ್ಛತೆಗೆಂದು ಮಾರಿದ ಸಾಧನದ ಬುಡಕ್ಕೇ ಕೊಡಲಿ ಹಾಕುವ ಈ ಸಂಗತಿ ಅಚ್ಚಾಗಿದ್ದದ್ದು ಸುಳಿಪಿಚಕಾರಿಯ ಜಾಹೀರಾತುಗಳು ಪತ್ರಿಕೆಗಳನ್ನು ತುಂಬುವುದಕ್ಕೆ ಮೊದಲೇ.

ಅಂದರೆ ಸಾಧನ ಹೇಳಿದ ಕೆಲಸಕ್ಕೂ ಬೇಡವಾಗಿತ್ತು, ಹೇಳದ ಕೆಲಸಕ್ಕೂ ಬಾರದಾಗಿತ್ತು. ಆದರೂ ದಶಕಗಳ ಕಾಲ ನಡೆಯಿತು. ಏಕೆ?

ದೂರು ಬಾರದ ದಾರಿ

ಯಾವ ಉಪಕರಣವಾದರೂ ಸುಧಾರಿಸುವುದು ದೂರಿನಿಂದ. ಕುಕ್ಕರಿನ ಸೇಫ್ಟಿ ವಾಲ್ವ್ ಹೇಗೆ ಬಂತು ಎಂದು ಯೋಚಿಸಿ ನೋಡಿ. ಈ ಪ್ರಕರಣದಲ್ಲಿ ನೆಲ ಒದ್ದೆಯಾಯಿತು ಎಂಬ ದೂರನ್ನು ಹೇಳಬಹುದಿತ್ತು, ಹೇಳಿದರು, ಬಳೆ ಬಂತು. 'ನಿಮ್ಮ ಸಿರಿಂಜ್ ಬಳಸಿಯೂ ಬಸಿರಾದೆ' ಎಂಬ ದೂರನ್ನು ಅಂಚೆಯಲ್ಲಿ ಕಳಿಸುವವರು ಯಾರು? ಬರೆದರೆ ಕಂಪನಿ ಏನೆಂದು ಉತ್ತರಿಸಬೇಕು? ನಾವು ಅದಕ್ಕೆಂದು ಮಾರಿಲ್ಲ ಎನ್ನಬಹುದು, ಕಾನೂನಿನ ಪ್ರಕಾರ ಅದು ನಿಜವೂ ಹೌದು. ಕಿಬ್ಬೊಟ್ಟೆಯ ನೋವಿನಿಂದ ವೈದ್ಯರ ಬಳಿಗೆ ಹೋದವಳು ಪಿಚಕಾರಿಯ ಮಾತನ್ನು ಎತ್ತುವುದೇ ಅನುಮಾನ. ಹೀಗೆ ಹಗುರ ದೂರುಗಳೆಲ್ಲ ವಿನ್ಯಾಸಕನ ಮೇಜಿಗೆ ತಲುಪಿದವು, ಭಾರದ ದೂರುಗಳು ದಾರಿಯಲ್ಲೇ ಉಳಿದವು. ಅವನು ತನಗೆ ಕೇಳಿಸಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟ. ಅವನನ್ನು ಮೋಸಗಾರ ಎಂದು ಕರೆಯಲು ನನಗೆ ಮನಸ್ಸು ಬಾರದು. ಮಾರಿದವರ ವಿಷಯದಲ್ಲಿ ಅಷ್ಟು ಉದಾರಿಯಲ್ಲ.

ಬಾಯಿಬಿಟ್ಟು ಮಾತಾಡಿದ ಕಡೆ ಏನಾಯಿತು ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ನೋಲ್ಟನ್ನನ ಅದೇ ಪುಸ್ತಕವನ್ನು 1877ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಬ್ರಾಡ್ಲಾ ಮತ್ತು ಆನಿ ಬೆಸೆಂಟ್ ಬೇಕೆಂದೇ ಮರುಮುದ್ರಿಸಿ ಬಂಧನಕ್ಕೊಳಗಾದರು. ವಿಚಾರಣೆಯಲ್ಲಿ ಬೆಸೆಂಟ್ ತಮ್ಮ ಪರವಾಗಿ ತಾವೇ ವಾದಿಸಿದರು. ಆರು ತಿಂಗಳ ಸಜೆಯಾಯಿತು, ಮೇಲ್ಮನವಿಯಲ್ಲಿ ತಾಂತ್ರಿಕ ಕಾರಣಕ್ಕೆ ತೀರ್ಪು ಬಿದ್ದುಹೋಯಿತು. ಅಷ್ಟರಲ್ಲಿ ಪುಸ್ತಕ ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಗಿತ್ತು. ಮರುವರ್ಷ ನ್ಯಾಯಾಲಯ ಬೆಸೆಂಟರ ಮಗಳನ್ನು ಅವರಿಂದ ಕಿತ್ತುಕೊಂಡಿತು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನ ಚರಿತ್ರೆಯಲ್ಲಿ ನಾವು ಓದುವ ಆನಿ ಬೆಸೆಂಟ್ ಇವರೇ; ಪಿಚಕಾರಿಯ ಸಂಗತಿಯನ್ನು ಶಾಲೆಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ಅಮೆರಿಕದಲ್ಲಿ ಕಾಮ್‌ಸ್ಟಾಕ್ ಕಾಯ್ದೆಯ ಬಿಗಿ ವೈದ್ಯರ ಮಟ್ಟಿಗಾದರೂ ಸಡಿಲವಾದದ್ದು 1936ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ, 1930ರಲ್ಲಿ, ಮೈಸೂರು ಸಂಸ್ಥಾನದ ಸರ್ಕಾರ ತಾನೇ ಮುಂದೆ ನಿಂತು ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತ್ತು. ಸರ್ಕಾರವೇ ನಡೆಸುವ ಅಂಥ ಚಿಕಿತ್ಸಾಲಯ ಜಗತ್ತಿನಲ್ಲೇ ಮೊದಲು ಎಂದು ಅದನ್ನು ಗುರುತಿಸುತ್ತಾರೆ. ಚಿಕಿತ್ಸಾಲಯ ಎಂದರೆ ಹೆಸರು ಬರೆದುಕೊಳ್ಳುವ ಒಂದು ಪುಸ್ತಕ ಇರುತ್ತದೆ. ಕೊಟ್ಟದ್ದು ಕೆಲಸ ಮಾಡದಿದ್ದರೆ ಬಂದು ಹೇಳಲು ಒಂದು ಬಾಗಿಲು ಇರುತ್ತದೆ.

ತರಗತಿಯಲ್ಲಿ

ಈ ಪ್ರಕರಣವನ್ನು ಪಾಠಕ್ಕೆ ಇಟ್ಟಾಗ ಮೊದಲು ಹಿನ್ನೆಲೆ ಏನನ್ನೂ ಹೇಳುವುದಿಲ್ಲ. ಚಿತ್ರ ಕೊಟ್ಟು, ಅಪಾಯ ಯಾವುದೆಂದು ಗುರುತಿಸಿ ತಿದ್ದಿ ಎನ್ನುತ್ತೇನೆ. ಕಳೆದ ಬಾರಿ ಒಂದು ಗುಂಪು ಬಳೆಗೆ ಮೂರು ಕಚ್ಚು ಕೊರೆದು ನೀರಿಗೆ ದಾರಿ ಬಿಟ್ಟಿತು. ಒತ್ತಡದ ತೊಂದರೆ ಬಗೆಹರಿಯಿತು. ಇನ್ನೊಂದು ಗುಂಪು ತಕ್ಷಣ, 'ಈಗ ನೀರು ನೆಲಕ್ಕೆ ಬೀಳುತ್ತದಲ್ಲ, ಮತ್ತೆ ಬೋಗುಣಿ ಬೇಕು' ಎಂದಿತು. ಹಾಗಾದರೆ ಹೊರಬಂದ ನೀರನ್ನು ಹಿಡಿಯಲು ಎರಡನೆಯ ಕೊಳವೆ, ಅದಕ್ಕೊಂದು ಚೀಲ, ಕವಾಟ. ಮುಕ್ಕಾಲು ಗಂಟೆಯಲ್ಲಿ ಹಲಗೆಯ ಮೇಲೆ ಬಲು ಸೊಗಸಾದ, ದುಬಾರಿಯಾದ ಒಂದು ಯಂತ್ರ ಮೂಡಿತು. ಕೊನೆಯ ಸಾಲಿನಿಂದ ಒಬ್ಬ ಹುಡುಗಿ, 'ಸರ್, ನಮ್ಮ ಅಕ್ಕನಿಗೆ ಡಾಕ್ಟರು ಒಳಗೆ ಏನೂ ಹಾಕಿ ತೊಳೆಯಬೇಡಿ ಎಂದಿದ್ದರು' ಎಂದಳು. ಹುಡುಗರೆಲ್ಲ ಹಲಗೆ ಬಿಟ್ಟು ಕಿಟಕಿ ನೋಡತೊಡಗಿದರು.

ಅವಳು ಹೇಳಿದ್ದು ಇಂದಿನ ವೈದ್ಯರ ಒಮ್ಮತದ ಮಾತು. ಅಮೆರಿಕದ ಸ್ತ್ರೀರೋಗ ತಜ್ಞರ ಸಂಘವೂ ಒಳಗೆ ತೊಳೆಯುವುದು ಬೇಡ ಎನ್ನುತ್ತದೆ. ಹೊರಭಾಗಕ್ಕೆ ಬರಿಯ ನೀರು ಸಾಕು. ಬಿಳಿಸೆರಗು ಹೆಚ್ಚಾದರೆ, ವಾಸನೆ ಬಂದರೆ, ತುರಿಕೆಯಾದರೆ ಅದು ತೊಳೆಯುವುದರಿಂದ ಹೋಗುವ ಕೊಳೆಯಲ್ಲ, ಔಷಧ ಬೇಕಾದ ಸೋಂಕು ಇರಬಹುದು. ಪದೇ ಪದೇ ತೊಳೆಯುವವರಲ್ಲಿ ಅಂಥ ಸೋಂಕೂ ಕಿಬ್ಬೊಟ್ಟೆಯ ಉರಿಯೂತವೂ ಹೆಚ್ಚಾಗಿ ಕಾಣುತ್ತವೆ. ಇಷ್ಟಾದರೂ ಔಷಧ ಅಂಗಡಿಯ ಕಪಾಟಿನಲ್ಲಿ ಗುಲಾಬಿ ಬಣ್ಣದ, ಹೂವಿನ ಚಿತ್ರದ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ಹೋದ ತಿಂಗಳು ಒಂದನ್ನು ಎತ್ತಿ ಓದಿದೆ. 'ನಿಕಟ ಸ್ವಚ್ಛತೆ' ಎಂದಿತ್ತು. ಯಾವುದಕ್ಕೆ ನಿಕಟ ಎಂದು ಬಾಟಲಿಯ ಮುಂಭಾಗದಲ್ಲಿ ಎಲ್ಲಿಯೂ ಇರಲಿಲ್ಲ.

ವಾರ ಕಳೆದ ಮೇಲೆ ಡಬ್ಬಿಯನ್ನು ಮರಳಿಸಲು ಹೋದೆ. ಚೀಟಿಯಲ್ಲಿರುವುದು ತಪ್ಪು, ಇದು ಎನಿಮಾದ್ದಲ್ಲ ಎಂದು ಪರಿಚಯಸ್ಥರಿಗೆ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು, ಎರಡು ಒಳ್ಳೆಯ ಪ್ರಶ್ನೆಗಳನ್ನೂ ಕೇಳಿದರು. ಹಳೆಯ ಚೀಟಿ ಕಿತ್ತು ಹೊಸದನ್ನು ಅಂಟಿಸಿ, ಪೆನ್ನಿನ ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ಕೂತರು. 'ಮನೆಗೆ ಮಕ್ಕಳೂ ಬಂದು ನೋಡುತ್ತಾರೆ' ಎಂದರು, ನನ್ನನ್ನು ನೋಡದೆ. ಆಮೇಲೆ ದುಂಡಗಿನ ಅಕ್ಷರಗಳಲ್ಲಿ ಬರೆದರು: 'ಮಹಿಳೆಯರ ಸಿರಿಂಜ್, ಅಮೆರಿಕ'.